‘ಎಷ್ಟು ದಿನಕ್ಕೆ ಬರೀತಾನೆ?’ ಎಂದು ಕೇಳುವವರಿಗೆ

ಗೊತ್ತಿಲ್ಲ.

ಇದೇ ನನ್ನ ಉತ್ತರ. ಫೋನಿನಲ್ಲಿ ಕೇಳಿದರೂ ಇದೇ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದರೂ ಇದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಪೂರ್ತಿ ಬರೆದು ಇಡುತ್ತೇನೆ.

ನಾನು ಹನ್ನೊಂದು ವರ್ಷದಿಂದ ಒಂದು ಸಣ್ಣ ಶಿಶುವಿಹಾರದಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಜೊತೆ ಇರುವವರು ಮೂರರಿಂದ ಐದು ವರ್ಷದ ಮಕ್ಕಳು. ಅವರಿಗಾಗಿ ಮನೆಯಲ್ಲೇ ಸ್ಯಾಂಡ್ ಪೇಪರ್‌ನಲ್ಲಿ ಅಕ್ಷರ, ಅಂಕಿ ಕತ್ತರಿಸಿ ರಟ್ಟಿಗೆ ಅಂಟಿಸುತ್ತೇನೆ. ಮಕ್ಕಳು ತೋರುಬೆರಳನ್ನೂ ನಡುಬೆರಳನ್ನೂ ಜೋಡಿಸಿ ಅದರ ಮೇಲೆ ತಿದ್ದುತ್ತಾರೆ. ತಿದ್ದುತ್ತಾ ಆ ಅಕ್ಷರವನ್ನು ಬಾಯಲ್ಲಿ ಹೇಳುತ್ತಾರೆ. ಅಷ್ಟೇ ಇರುವುದು. ಇದನ್ನು ನೋಡಿದವರೆಲ್ಲ ಕೇಳುವುದು ಒಂದೇ. ‘ಇದನ್ನ ಮಾಡಿಸಿದ್ರೆ ಎಷ್ಟು ದಿನಕ್ಕೆ ಬರೀತಾನೆ?’

ಆ ‘ಎಷ್ಟು ದಿನಕ್ಕೆ’ ಎನ್ನುವ ಮಾತು ನನಗೆ ಆಗುವುದಿಲ್ಲ. ಹಾಲು ಹೆಪ್ಪಾಗಲು ಇಷ್ಟು ಹೊತ್ತು ಅನ್ನಬಹುದು. ಮಗುವಿನ ಕೈಗೆ ಹಾಗೆ ಲೆಕ್ಕ ಹಾಕುತ್ತೀರಾ? ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಮೂರು ವರ್ಷದ ಮಗುವಿಗೆ ಅವುಗಳಲ್ಲಿ ಹಲವು ಇನ್ನೂ ಮೂಳೆಯೇ ಆಗಿರುವುದಿಲ್ಲ, ಮೆದು ಮೆದುವಾಗಿರುತ್ತವೆ. ಆ ಕೈಗೆ ಪೆನ್ಸಿಲ್ ಕೊಟ್ಟು, ನಾಲ್ಕು ಗೆರೆಯ ಪುಸ್ತಕ ಕೊಟ್ಟು, ‘ಗೆರೆ ದಾಟಬೇಡ’ ಅನ್ನುತ್ತಾರೆ. ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಕಾಗದ ಹರಿಯುವಷ್ಟು ಒತ್ತುತ್ತದೆ. ನನಗೆ ನೋಡಲು ಆಗುವುದಿಲ್ಲ.

ಒಂದು ವಿಜಯದಶಮಿಯ ದಿನ ಹೇಳುತ್ತೇನೆ. ಹತ್ತಿರದ ನೆಂಟರ ಮನೆ. ಹುಡುಗನಿಗೆ ಮೂರು ತುಂಬಿ ಎರಡು ತಿಂಗಳು. ಅಕ್ಷರಾಭ್ಯಾಸ ಇಟ್ಟುಕೊಂಡಿದ್ದರು. ದೊಡ್ಡ ತಟ್ಟೆಯಲ್ಲಿ ಅಕ್ಕಿ ಹರಡಿದ್ದರು. ತಾತ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳು ಹಿಡಿದು ಅಕ್ಕಿಯ ಮೇಲೆ ‘ಶ್ರೀ’ ಬರೆಸಿದರು. ಆಮೇಲೆ ‘ಅ’. ಹುಡುಗನ ಮುಖ ನೋಡಬೇಕಿತ್ತು. ತನ್ನ ಬೆರಳು ಹೋದ ಕಡೆ ದಾರಿ ಬಿದ್ದಿದೆ, ಕೆಳಗೆ ಹಿತ್ತಾಳೆ ಹೊಳೆಯುತ್ತಿದೆ! ತಾತನ ಕೈ ಬಿಡಿಸಿಕೊಂಡು ತಾನೇ ಇನ್ನೊಂದು ಸಲ ಗೀಚಿದ. ಅಳಿಸಿದ. ಮತ್ತೆ ಗೀಚಿದ. ಅಷ್ಟರಲ್ಲಿ ಫೋಟೋ ಮುಗಿದಿತ್ತು. ‘ಸಾಕು ಸಾಕು, ಅಕ್ಕಿ ಚೆಲ್ತಾನೆ’ ಎಂದು ಯಾರೋ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಹುಡುಗನ ಕೈಗೆ ಹೊಸ ಸ್ಲೇಟು, ಬಳಪ ಬಂತು. ಅವನು ತಟ್ಟೆ ಬೇಕು ಎಂದು ಅಳಲು ಶುರು ಮಾಡಿದ.

ಆ ಅಳುವಿನ ನಡುವೆಯೇ ಅವರಪ್ಪ ನನ್ನ ಪಕ್ಕ ಬಂದು ಕೂತ. ‘ಅಕ್ಕಾ, ನೀವು ಅದೇನೋ ಸ್ಯಾಂಡ್ ಪೇಪರ್ ಅಕ್ಷರ ಮಾಡ್ತೀರಂತಲ್ಲ. ಅದನ್ನ ಮಾಡಿಸಿದ್ರೆ ಎಷ್ಟು ದಿನಕ್ಕೆ ಬರೀತಾನೆ?’

ನನಗೆ ಕೋಪ ಬಂತು. ‘ಆ ಅಕ್ಕಿ ತಟ್ಟೆ ವಾಪಸ್ ಕೊಡು, ಅವನು ಈಗಲೇ ಬರೀತಿದ್ದಾನೆ’ ಎಂದೆ. ಹಬ್ಬದ ದಿನ ಹಾಗೆ ಗಟ್ಟಿಯಾಗಿ ಮಾತಾಡಬಾರದಿತ್ತು ಎಂದು ಆಮೇಲೆ ಅತ್ತೆ ಹೇಳಿದರು. ನಾನು ಹೇಳಿದ್ದು ಸರಿ ಎಂದೇ ಇವತ್ತಿಗೂ ಅನಿಸುತ್ತದೆ.

ಯಾಕೆಂದರೆ ಇದು ಹೊಸದಲ್ಲ, ಹೊರಗಿನಿಂದ ಬಂದದ್ದೂ ಅಲ್ಲ. ನಮ್ಮ ಕೂಲಿಮಠಗಳಲ್ಲಿ, ಅಂದರೆ ಹಿಂದಿನ ಕಾಲದ ಊರ ಶಾಲೆಗಳಲ್ಲಿ, ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಲ್ಲೇ ಅಕ್ಷರ ತಿದ್ದುತ್ತಿದ್ದರು. 1790ರ ಸುಮಾರಿಗೆ ಮದ್ರಾಸಿನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಲ್ಲಿನ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ನೋಡಿ ತನ್ನ ಶಾಲೆಗೆ ತಂದ. ಅದು ಆಮೇಲೆ ಇಂಗ್ಲೆಂಡಿಗೂ ಹೋಯಿತು. ನಮ್ಮ ಭಾಷೆಯ ಪದವನ್ನೇ ನೋಡಿ. ಬರೆದದ್ದರ ಮೇಲೆ ಮತ್ತೆ ಬೆರಳಾಡಿಸುವುದಕ್ಕೂ ‘ತಿದ್ದು’ ಎನ್ನುತ್ತೇವೆ, ತಪ್ಪನ್ನು ಸರಿ ಮಾಡುವುದಕ್ಕೂ ‘ತಿದ್ದು’ ಎನ್ನುತ್ತೇವೆ. ತಿದ್ದುತ್ತಾ ತಿದ್ದುತ್ತಾ ಕೈ ತಾನೇ ಸರಿಯಾಗುತ್ತದೆ ಎಂದು ಹಿಂದಿನವರಿಗೆ ಗೊತ್ತಿತ್ತು. ನಾವು ಅದನ್ನು ವರ್ಷಕ್ಕೊಂದು ದಿನದ ಶಾಸ್ತ್ರ ಮಾಡಿಕೊಂಡಿದ್ದೇವೆ.

‘ರೆಡಿಮೇಡ್ ಸಿಗುತ್ತಲ್ಲ, ಯಾಕಿಷ್ಟು ಕಷ್ಟ?’ ಎಂದು ಕೇಳುವವರೂ ಇದ್ದಾರೆ. ಸಿಗುತ್ತದೆ. ದುಡ್ಡಿದ್ದರೆ ತಗೊಳ್ಳಿ. ಆದರೆ ಈ ಅಕ್ಷರಗಳು ಹುಟ್ಟಿದ್ದೇ ದುಡ್ಡಿಲ್ಲದ ಕಡೆ. ಇಟಲಿಯ ಶಿಕ್ಷಣ ತಜ್ಞೆ ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ‘ಮಕ್ಕಳ ಮನೆ’ ಎಂಬ ಶಾಲೆ ತೆರೆದರು. ಅದಕ್ಕೂ ಮೊದಲು ಅವರ ಬಳಿ ಮರದಲ್ಲಿ ಮಾಡಿಸಿದ ಚೆಂದದ ಅಕ್ಷರಗಳಿದ್ದವು. ಇಲ್ಲಿಗೆ ಅಂಥವನ್ನು ಮಾಡಿಸಲು ಆಗಲಿಲ್ಲ. ಆಗ ಸ್ಯಾಂಡ್ ಪೇಪರ್ ಕತ್ತರಿಸಿ ಅಂಟಿಸಿದರು. ಮಾಡುತ್ತಾ ಮಾಡುತ್ತಾ, ಆ ಮರದ ಅಕ್ಷರಗಳಿಗಿಂತ ಇದೇ ಮೇಲು ಎಂದು ಅವರಿಗೇ ಅನಿಸಿತು. ಅದೇ ಮಾಂಟೆಸ್ಸೊರಿ 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಬಂದು ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅಂಗಡಿಯ ಪೆಟ್ಟಿಗೆ ಇಲ್ಲದಿದ್ದರೆ ಇದು ಆಗುವುದಿಲ್ಲ ಎಂದು ದಯವಿಟ್ಟು ಹೇಳಬೇಡಿ.

ಮಾಡುವ ವಿಧಾನ ಬೇಕಾದವರಿಗೆ ನನ್ನ ಕೈ ಕಲಿತದ್ದನ್ನು ಹೇಳುತ್ತೇನೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಯಾಂಡ್ ಪೇಪರ್ ಕೇಳಿ. ಹಾಳೆಯ ಹಿಂದೆ ನಂಬರ್ ಅಚ್ಚಾಗಿರುತ್ತದೆ. ನಂಬರ್ ಹೆಚ್ಚಾದಷ್ಟೂ ನುಣುಪು. 80 ಬೇಡ, ಮಗುವಿನ ಬೆರಳು ಕೆಂಪಾಗುತ್ತದೆ. 120 ಅಥವಾ 150 ಸಾಕು. ಅಕ್ಷರವನ್ನು ಹಾಳೆಯ ಹಿಂಬದಿಯಲ್ಲಿ ತಿರುವುಮುರುವಾಗಿ ಬರೆದು ಕತ್ತರಿಸಬೇಕು. ನೇರವಾಗಿ ಬರೆದು ಕತ್ತರಿಸಿದರೆ ಮುಂದಿನಿಂದ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ. ನನ್ನ ಮೊದಲ ಎರಡು ಹಾಳೆ ಹಾಗೇ ಹಾಳಾದವು. ಕತ್ತರಿ ಹಳೆಯದಿರಲಿ, ಅದರ ಹರಿತ ಹೋಗುತ್ತದೆ. ಕೆಳಗಿನ ರಟ್ಟು ನುಣ್ಣಗಿರಬೇಕು. ನಾನು ಹಳೆಯ ಲಗ್ನಪತ್ರಿಕೆಗಳನ್ನು ಬಳಸುತ್ತೇನೆ. ಹಿಂಬದಿ ಖಾಲಿ ಇರುತ್ತದೆ, ಗಟ್ಟಿಯೂ ಇರುತ್ತದೆ. ಬೆರಳು ಅಕ್ಷರದಿಂದ ಜಾರಿದ ಕೂಡಲೇ ನುಣುಪು ತಾಗುತ್ತದೆ. ದಾರಿ ತಪ್ಪಿತು ಎಂದು ಮಗುವಿಗೆ ಆ ನುಣುಪೇ ಹೇಳುತ್ತದೆ. ನಾವು ‘ತಪ್ಪು’ ಅನ್ನಬೇಕಾಗಿಯೇ ಇಲ್ಲ.

ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಅಳತೆಯಲ್ಲಿ ಮಾಡಬೇಡಿ. ನಮ್ಮದು ದುಂಡು ಅಕ್ಷರ. ಒಳಗೆ ಸುಳಿ ಇದೆ, ಹೊಟ್ಟೆ ಇದೆ, ತಲೆಕಟ್ಟು ಇದೆ. ಸ್ಯಾಂಡ್ ಪೇಪರ್ ಪಟ್ಟಿ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಅಗಲ, ಅಕ್ಷರದ ಎತ್ತರ ಹನ್ನೆರಡು ಸೆಂಟಿಮೀಟರಾದರೂ ಇರಲಿ. ಇಲ್ಲದಿದ್ದರೆ ಸುಳಿಯ ಒಳಗಿನ ಜಾಗ ಮುಚ್ಚಿಹೋಗಿ ಬೆರಳಿಗೆ ದಾರಿಯೇ ಸಿಗುವುದಿಲ್ಲ. ಶುರು ಮಾಡುವ ಜಾಗಕ್ಕೆ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿ. ನಾನು ಮೊದಲು ಅಕ್ಷರದ ಮೈ, ಆಮೇಲೆ ತಲೆಕಟ್ಟು ತಿದ್ದಿಸುತ್ತೇನೆ. ನಿಮ್ಮ ಮನೆಯಲ್ಲಿ ಬೇರೆ ರೂಢಿ ಇದ್ದರೆ ಅದೇ ಇರಲಿ. ಆದರೆ ಅಮ್ಮ ಒಂದು, ಅಪ್ಪ ಒಂದು, ಶಾಲೆ ಒಂದು ಆಗಬಾರದು. ತಪ್ಪು ದಾರಿಯೂ ಬೆರಳಿಗೆ ಅಷ್ಟೇ ಗಟ್ಟಿಯಾಗಿ ಕೂರುತ್ತದೆ.

ರವೆ ಉದುರಿಸಿಯೂ ಮಾಡಬಹುದು. ಫೆವಿಕಾಲ್‌ನಲ್ಲಿ ಅಕ್ಷರ ಬರೆದು ಮೇಲೆ ರವೆ ಹಾಕಿ, ಒಣಗಿದ ಮೇಲೆ ಕೊಡವಿದರೆ ಆಯಿತು. ಚಿರೋಟಿ ರವೆ ಬೇಡ, ಬೆರಳಿಗೆ ಗೊತ್ತೇ ಆಗುವುದಿಲ್ಲ. ರವೆಯ ಅಕ್ಷರಕ್ಕೆ ಮಳೆಗಾಲದಲ್ಲಿ ಇರುವೆ ಬರುತ್ತದೆ. ಅದಕ್ಕಿಂತ ಜರಡಿ ಹಿಡಿದ ಮರಳು ಒಳ್ಳೆಯದು. ಮಿನುಗುವ ಪುಡಿ ಮಾತ್ರ ಬೇಡವೇ ಬೇಡ. ಮಗು ಹೊಳಪು ನೋಡುತ್ತದೆ, ಅಕ್ಷರ ಬಿಡುತ್ತದೆ.

ತಿದ್ದುವ ಮೊದಲು ಬೆರಳ ತುದಿಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಒರೆಸಿ. ಸ್ಪರ್ಶ ಚುರುಕಾಗುತ್ತದೆ. ಇದೂ ಮಾಂಟೆಸ್ಸೊರಿಯವರು ಹೇಳಿದ್ದೇ.

ಇನ್ನೊಂದು ವಿಷಯ. ‘ಅ’ ಇಂದ ‘ಳ’ ತನಕ 49 ಅಕ್ಷರ ಸಾಲಾಗಿ ಮಾಡಿ ಮುಗಿಸಬೇಕು ಎಂದು ಕೂರಬೇಡಿ. ‘ಋ’ ಹತ್ತಿರ ಬಂದಾಗ ನೀವೂ ಸುಸ್ತು, ಮಗುವೂ ಸುಸ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ, ಅಂದರೆ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ, ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಅದನ್ನು ಕಟ್ಟಿದ್ದು. ಅಲ್ಲಿ ಮಕ್ಕಳು ಶುರು ಮಾಡುವುದು ರ, ಗ, ಸ, ದ, ಅ ಇಂದ. ಐದೇ ಅಕ್ಷರದಲ್ಲಿ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಬಂದುಬಿಡುತ್ತವೆ. ನಾನೂ ಅದನ್ನೇ ಹಿಡಿದೆ. ಐದು ರಟ್ಟು ಮಾಡಿ ಸಾಕು. ‘ಗರಗಸ’ ಎಂದು ನೆಲದ ಮೇಲೆ ಜೋಡಿಸಿದ ದಿನ ನಮ್ಮ ಮಕ್ಕಳು ಮಧ್ಯಾಹ್ನ ಪೂರ್ತಿ ಮರ ಕೊಯ್ಯುವ ಸದ್ದು ಮಾಡಿಕೊಂಡು ಓಡಾಡಿದರು. ನಮಗೆ ಇನ್ನೊಂದು ಅನುಕೂಲವೂ ಇದೆ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಸದ್ದು ಬೇರೆ. ಕನ್ನಡದಲ್ಲಿ ‘ಗ’ ಅಂದರೆ ಹೆಸರೂ ಅದೇ, ಸದ್ದೂ ಅದೇ.

ಅಂಕಿಗಳ ಬಗ್ಗೆ ಸ್ವಲ್ಪ. ಕನ್ನಡದ ೪ ಇಂಗ್ಲಿಷಿನ 8ರ ಹಾಗೇ ಕಾಣುತ್ತದೆ. ಮಗುವಿಗೆ 8 ಮೊದಲೇ ಗೊತ್ತಿರುತ್ತದೆ. ಅದಕ್ಕೆ ಎರಡು ಬಗೆಯ ಅಂಕಿಗಳನ್ನು ಎರಡು ಬಣ್ಣದ ರಟ್ಟಿನ ಮೇಲೆ ಮಾಡಿ, ಒಂದೇ ದಿನ ಎರಡನ್ನೂ ತೆಗೆಯಬೇಡಿ. ೬ ಮತ್ತು ೯ ಕೂಡ ಹಾಗೇ. ಒಂದು ಕೈಗೆ ಕೂತ ಮೇಲೆ ಇನ್ನೊಂದು.

ಈಗ, ಇಷ್ಟು ವರ್ಷದಲ್ಲಿ ಒಬ್ಬರೇ ಒಬ್ಬರು ಕೇಳಿದ ಪ್ರಶ್ನೆ ಹೇಳಿಬಿಡುತ್ತೇನೆ. ಎಲ್ಲರೂ ಅದನ್ನು ಕೇಳಲಿ ಎಂದು ನನಗೆ ಆಸೆ.

ನಮ್ಮಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳ ಅಪ್ಪ ಬಡಗಿ. ಒಂದು ಸಂಜೆ ಮಗಳನ್ನು ಕರೆದೊಯ್ಯಲು ಬಂದವರು, ಅವಳು ‘ಅ’ ತಿದ್ದುವುದನ್ನು ಬಾಗಿಲಲ್ಲೇ ನಿಂತು ನೋಡಿದರು. ಅವಸರ ಮಾಡಲಿಲ್ಲ. ಅವಳು ಮುಗಿಸಿದ ಮೇಲೆ ಕೇಳಿದರು: ‘ಮೇಡಂ, ಇವಳ ಬೆರಳು ದಿನಾ ಅಲ್ಲೇ ನಿಲ್ಲುತ್ತಾ?’

ದಿನಾ ಅಲ್ಲೇ ನಿಲ್ಲುತ್ತಿತ್ತು. ಮೊದಲ ಸುಳಿ ಮುಗಿದು ಹೊಟ್ಟೆಯ ಕಡೆ ತಿರುಗುವ ಜಾಗದಲ್ಲಿ. ಎರಡು ವಾರದಿಂದ ನೋಡುತ್ತಿದ್ದೆ. ಅವಳಿಗೆ ತಿರುವು ಕಷ್ಟ ಎಂದುಕೊಂಡಿದ್ದೆ. ಅವಳ ಕೈ ಹಿಡಿದು ದಾಟಿಸುತ್ತಲೂ ಇದ್ದೆ.

ಅವರು ರಟ್ಟನ್ನು ಕೈಗೆ ತಗೊಂಡರು. ಕಣ್ಣು ಮುಚ್ಚಿ ಹೆಬ್ಬೆರಳನ್ನು ಅಕ್ಷರದ ಮೇಲೆ ಎಳೆದರು, ಮರಕ್ಕೆ ಉಜ್ಜಿದ ಮೇಲೆ ನುಣುಪು ನೋಡುವ ಹಾಗೆ. ‘ಇಲ್ಲಿ ಜೋಡಣೆ ಇದೆ ಮೇಡಂ. ಎರಡು ತುಂಡು ಸೇರಿಸಿದೀರಿ. ಕಣ್ಣಿಗೆ ಕಾಣಲ್ಲ, ಬೆರಳಿಗೆ ತಟ್ಟುತ್ತೆ.’

ಹೌದು. ಉಳಿದ ಚೂರುಗಳು ಹಾಳಾಗಬಾರದು ಎಂದು ಆ ‘ಅ’ವನ್ನು ಎರಡು ತುಂಡಿನಲ್ಲಿ ಕತ್ತರಿಸಿ ಜೋಡಿಸಿದ್ದೆ. ಹುಡುಗಿಯ ಬೆರಳಿಗೆ ಅಲ್ಲಿ ದಾರಿ ಮುಗಿದ ಹಾಗೆ ಅನಿಸುತ್ತಿತ್ತು. ಅವಳು ನಿಂತದ್ದು ಸರಿಯಾಗೇ ಇತ್ತು.

ಮಗು ತಿದ್ದುವಾಗ ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ, ಎಲ್ಲಿ ಓಡುತ್ತದೆ? ಇದನ್ನು ಕೇಳಿ. ಇದಕ್ಕೆ ನನ್ನ ಹತ್ತಿರ ಗಂಟೆಗಟ್ಟಲೆ ಉತ್ತರ ಇದೆ. ನಿಮ್ಮ ಮಗುವಿನ ಬೆರಳು ನೋಡಲು ನಾನೂ ಬಂದು ಕೂರುತ್ತೇನೆ.

ಅವತ್ತು ರಾತ್ರಿ ಹೊಸ ಹಾಳೆ ತೆಗೆದು ಒಂದೇ ತುಂಡಿನಲ್ಲಿ ‘ಅ’ ಕತ್ತರಿಸಿದೆ. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದೆ. ಈಗ ಯಾವ ರಟ್ಟನ್ನೂ ಹಾಗೆ ನೋಡದೆ ಮಕ್ಕಳಿಗೆ ಕೊಡುವುದಿಲ್ಲ. ಬೆಳಿಗ್ಗೆ ಹುಡುಗಿ ಬಂದು ಬೊಟ್ಟಿನ ಮೇಲೆ ಎರಡು ಬೆರಳಿಟ್ಟಳು. ‘ಅ’ ಎಂದು ಎಳೆದು ಹೇಳುತ್ತಾ ಸುಳಿ ಸುತ್ತಿದಳು. ಜೋಡಣೆ ಇದ್ದ ಜಾಗವನ್ನು ದಾಟಿ ಹೊಟ್ಟೆಗೆ ಇಳಿದಳು. ಕೊನೆಯ ಬಾಗಿನಲ್ಲಿ ಮತ್ತೆ ನಿಂತಳು.

ಅಲ್ಲಿ ಜೋಡಣೆ ಇರಲಿಲ್ಲ. ಕೈ ಹಿಡಿಯಲು ಹೋದವಳು ಹಿಂದೆ ತೆಗೆದೆ. ಪಕ್ಕದಲ್ಲಿ ಕೂತು ಕಾದೆ.