ಸೇಜೆಡ್ ದೇವರಾದ ಮೇಲೆ

“ಸೇಜೆಡ್ ಹೋಗ್ಬಿಟ್ಟ ಮಾಮ.”

“ಎಲ್ಲೇ ಹೋದ? ದೇವರಾದ ಅಲ್ವಾ?”

“ಅದನ್ನೇ ಹೇಳ್ತಿರೋದು.”

ಇಷ್ಟೇ ಮಾತು. ಭಾನುವಾರದಿಂದ ಇದೇ ತಲೆಯಲ್ಲಿ ಓಡುತ್ತಿದೆ. ರಜೆಗೆ ಬಂದ ಅಕ್ಕನ ಮಗಳು ನನ್ನ ಕಪಾಟಿನಿಂದ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ ‘ಮಿಸ್ಟ್‌ಬಾರ್ನ್’ ಎಂಬ ಫ್ಯಾಂಟಸಿ ಕಾದಂಬರಿ ಸರಣಿಯ ಮೊದಲ ಮೂರು ಪುಸ್ತಕಗಳನ್ನೂ ಎತ್ತಿಕೊಂಡು ಮಹಡಿ ಹತ್ತಿದ್ದಳು. ಮೂರನೆಯದು ಮುಗಿದ ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು ಕೆಳಗೆ ಬಂದಳು. ಅಮ್ಮ ಗಾಬರಿಯಾಗಿ, ಯಾರು ಏನಂದರು ಎಂದು ಕೇಳಿದರು. ಯಾರೂ ಏನೂ ಅಂದಿರಲಿಲ್ಲ. ಪುಸ್ತಕದಲ್ಲಿ ಅವಳಿಗೆ ತುಂಬಾ ಇಷ್ಟವಾಗಿದ್ದ ಒಬ್ಬ ಮನುಷ್ಯ ಕೊನೆಯಲ್ಲಿ ದೇವರಾಗಿದ್ದ. ಆ ಕೊನೆಯನ್ನು ಹೇಳದೆ ನಾನು ಇದನ್ನು ಬರೆಯೋಕಾಗಲ್ಲ. ಓದಬೇಕು ಅಂದುಕೊಂಡಿರುವವರು ದಯವಿಟ್ಟು ಪುಸ್ತಕ ಮುಗಿಸಿ ಬನ್ನಿ.

ಅವಳ ಅಣ್ಣ ಪಕ್ಕದಲ್ಲೇ ಇದ್ದ. “ಇಡೀ ಕಥೇಲೇ ದೊಡ್ಡ ಪವರ್ ಕಣೇ ಅವನಿಗೆ ಸಿಕ್ಕಿದ್ದು, ಅದಕ್ಯಾಕೆ ಅಳ್ತೀಯ?” ಅಂದ. ಒಳ್ಳೆಯ ಹುಡುಗ. ಆದರೆ ಶಕ್ತಿ ಎಂದರೆ ಅವನಿಗೆ ಆಯುಧ. ಯಾರ ಹತ್ತಿರ ಎಷ್ಟಿದೆ, ಯಾರು ಯಾರನ್ನು ಸೋಲಿಸಬಹುದು, ಅಷ್ಟೇ ಲೆಕ್ಕ. ಸ್ಯಾಂಡರ್ಸನ್ ಅವರನ್ನು ಓದುವ ತುಂಬಾ ಜನ ಹೀಗೇ ಓದುತ್ತಾರೆ. ಅವರ ಮಾಯಾವಿದ್ಯೆಗೆ ಅಷ್ಟು ಕಟ್ಟುನಿಟ್ಟಿನ ನಿಯಮಗಳಿವೆ. ಯಾವ ಲೋಹ ನುಂಗಿದರೆ ಯಾವ ಬಲ, ಎಷ್ಟು ಹೊತ್ತು, ಎಲ್ಲವೂ ಲೆಕ್ಕಾಚಾರ. ಆ ಲೆಕ್ಕದಲ್ಲೇ ಮುಳುಗಿದರೆ ಈ ಹುಡುಗಿ ಕಂಡದ್ದು ಕಾಣುವುದಿಲ್ಲ. ಅವಳು ಬೇಗ ಬೇಗ ಓದುತ್ತಾಳೆ, ಹೆಸರುಗಳನ್ನು ತಪ್ಪು ಹೇಳುತ್ತಾಳೆ. ಆದರೆ ನೋವು ಎಲ್ಲಿದೆಯೋ ಅಲ್ಲಿಗೆ ಸರಿಯಾಗಿ ಬೆರಳಿಡುತ್ತಾಳೆ.

ಸ್ಯಾಂಡರ್ಸನ್ ಕಟ್ಟಿದ ವಿಶ್ವದಲ್ಲಿ ಬಹಳ ಹಿಂದೆ ಒಂದೇ ಒಂದು ಮಹಾಶಕ್ತಿ ಇತ್ತು. ಅದನ್ನು ಒಡೆದು 16 ಚೂರು ಮಾಡಿದರು. 16 ಜನ ಒಂದೊಂದನ್ನು ಎತ್ತಿಕೊಂಡು ದೇವರಾದರು. ಒಂದೊಂದು ಚೂರಿಗೂ ಒಂದೊಂದೇ ಹಟ. ಒಂದಕ್ಕೆ ನಾಶ ಮಾಡಬೇಕು, ಇನ್ನೊಂದಕ್ಕೆ ಕಾಪಾಡಬೇಕು, ಮತ್ತೊಂದಕ್ಕೆ ದ್ವೇಷಿಸಬೇಕು. ಎತ್ತಿಕೊಂಡ ಮನುಷ್ಯ ಸಾವಿರಾರು ವರ್ಷ ಬದುಕುತ್ತಾನೆ. ಅಷ್ಟೂ ವರ್ಷ ಆ ಒಂದೇ ಹಟದ ಜೊತೆ ಬದುಕಿ ಅವನ ಮನಸ್ಸು ನಿಧಾನಕ್ಕೆ ಅದರ ಕಡೆಗೇ ಬಾಗುತ್ತದೆ.

ನಾಶದ ಶಕ್ತಿಯನ್ನು ತೆಗೆದುಕೊಂಡವನ ಹೆಸರು ಆಟಿ. ಮೂರನೇ ಪುಸ್ತಕದ ಪೂರ್ತಿ ಅವನು ಜಗತ್ತನ್ನು ಬೂದಿಯಲ್ಲಿ ಹೂಳುತ್ತಾ, ಜನರ ಕಿವಿಯಲ್ಲಿ ಪಿಸುಗುಟ್ಟುತ್ತಾ, ಒಬ್ಬೊಬ್ಬರನ್ನೇ ಮುರಿಯುತ್ತಾ ಹೋಗುತ್ತಾನೆ. ಇದೇ ವಿಶ್ವದ ಇನ್ನೊಂದು ಸರಣಿಯಲ್ಲಿ, 2010ರಲ್ಲಿ ಬಂದ ‘ದಿ ವೇ ಆಫ್ ಕಿಂಗ್ಸ್’ನಲ್ಲಿ ಒಂದು ಪತ್ರ ಬರುತ್ತದೆ. ಅದನ್ನು ಬರೆದವನಿಗೆ ಆಟಿ ಮೊದಲಿನಿಂದಲೂ ಗೊತ್ತು. ಅವನ ಪ್ರಕಾರ ಆಟಿ ಒಂದು ಕಾಲಕ್ಕೆ ದಯೆಯುಳ್ಳ, ಕೊಡುಗೈ ಮನುಷ್ಯ. ಆ ಪತ್ರ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

“ಆ ಕೆಂಪು ಕೂದಲಿನವನು ನೆನಪಿದ್ದಾನಾ ಮಾಮ?” ಎಂದು ಅವಳೂ ಕೇಳಿದಳು. ಹೇಗೆ ಮರೆಯಲಿ? ವಿನ್ ಎಂಬ ಹುಡುಗಿ ತನ್ನ ಪ್ರಾಣವನ್ನೇ ಕೊಟ್ಟು ಆಟಿಯನ್ನು ಕೊಲ್ಲುತ್ತಾಳೆ. ಆಗ ಅವಳ ಹೆಣದ ಜೊತೆ ಇನ್ನೊಂದು ಹೆಣ ನೆಲಕ್ಕೆ ಬೀಳುತ್ತದೆ. ಕೆಂಪು ಕೂದಲಿನ ಒಬ್ಬ ಮನುಷ್ಯ, ಅಷ್ಟೇ. ಅಷ್ಟೊಂದು ಪುಟ ನಮ್ಮನ್ನು ಹೆದರಿಸಿದ್ದರ ಒಳಗೆ ಒಂದು ಸಾಧಾರಣ ಮೈ ಇತ್ತು. ಒಂದು ಕಾಲಕ್ಕೆ ಅದಕ್ಕೂ ಅಪ್ಪ ಅಮ್ಮ ಇದ್ದಿರಬೇಕು.

ಊಟದ ಹೊತ್ತಿಗೆ ಮಾತು ಅಪ್ಪನವರೆಗೂ ಹೋಯಿತು. ಅವರು ಈ ಪುಸ್ತಕ ಓದಿಲ್ಲ, ಓದುವುದೂ ಇಲ್ಲ. ಮೊಮ್ಮಗಳು ಅರ್ಧಂಬರ್ಧ ಹೇಳಿದ ಕಥೆಯನ್ನು ಪೂರ್ತಿ ಕೇಳಿಸಿಕೊಂಡು, “ಇದು ನಹುಷನ ಕಥೆ ಕಣಮ್ಮ” ಅಂದರು. ವೃತ್ರನನ್ನು ಕೊಂದ ಪಾಪಕ್ಕೆ ಹೆದರಿ ಇಂದ್ರ ಅಡಗಿ ಕೂತ. ದೇವತೆಗಳೂ ಋಷಿಗಳೂ ಸೇರಿ ಭೂಮಿಯ ರಾಜ ನಹುಷನನ್ನು ಕರೆತಂದು ಆ ಪೀಠದಲ್ಲಿ ಕೂರಿಸಿದರು. ನನಗೆ ಅಷ್ಟು ಬಲವಿಲ್ಲ ಅಂದವನಿಗೆ, ಕಣ್ಣೆದುರು ಬಂದವರ ತೇಜಸ್ಸೆಲ್ಲ ನಿನ್ನದಾಗಲಿ ಎಂದು ವರ ಕೊಟ್ಟರು. ಧರ್ಮಿಷ್ಠನಾಗಿದ್ದವನು ಶಚಿ ಬೇಕು ಅಂದ, ಋಷಿಗಳ ಹೆಗಲ ಮೇಲೆ ಪಲ್ಲಕ್ಕಿ ಹೊರಿಸಿದ, ಅಗಸ್ತ್ಯರಿಗೆ ಕಾಲು ತಾಗಿಸಿ ಹಾವಾಗಿ ಬಿದ್ದ. “ಪದವಿ ಯಾರನ್ನೂ ಕೆಡಿಸಲ್ಲ. ಒಳಗಿದ್ದಿದ್ದು ಹೊರಗೆ ಬರುತ್ತೆ” ಎಂದು ಅಪ್ಪ ಮಾತು ಮುಗಿಸಿದರು.

ಅಪ್ಪ ಹೀಗೇ. ಒಂದು ಮಾತು ಹೇಳಿ ಕೈ ತೊಳೆಯಲು ಎದ್ದುಬಿಡುತ್ತಾರೆ. ಅವಳು ಬಿಡಲಿಲ್ಲ. “ಆಟಿ ಒಳಗೆ ಒಳ್ಳೇದೇ ಇತ್ತಂತೆ ತಾತ. ಮಾಮ ಹೇಳ್ದ. ಅದ್ಯಾಕೆ ಹೊರಗೆ ಬರಲಿಲ್ಲ?” ಅಪ್ಪ ಉತ್ತರ ಕೊಡಲಿಲ್ಲ. ಆದರೆ ಮತ್ತೆ ಬಂದು ಕೂತರು. ನಮ್ಮ ಮನೆಯಲ್ಲಿ ಅದು ದೊಡ್ಡ ವಿಷಯ.

ಅಪ್ಪನ ಮಾತಿಗೂ ಈ ಪುಸ್ತಕಗಳಲ್ಲಿ ಸಾಕ್ಷಿ ಇದೆ. ರಶೆಕ್ ಎಂಬವನು ಟೆರಿಸ್ ಜನಾಂಗದ ಒಬ್ಬ ಹೊರೆಯಾಳು. ಕಾಪಾಡುವ ಶಕ್ತಿಯ ಒಂದು ಪಾಲು ಕೆಲವೇ ಕ್ಷಣ ಅವನ ಕೈಗೆ ಸಿಗುತ್ತದೆ. ಬೆಳೆ ಕೊಲ್ಲುವ ಮಂಜನ್ನು ಸುಟ್ಟುಬಿಡೋಣ ಎಂದು ಭೂಮಿಯನ್ನೇ ಸೂರ್ಯನ ಹತ್ತಿರಕ್ಕೆ ತಳ್ಳುತ್ತಾನೆ. ಎಲ್ಲ ಬೇಯತೊಡಗುತ್ತದೆ. ಬಿಸಿಲು ತಡೆಯಲು ಬೂದಿ ಕಾರುವ ಬೆಟ್ಟಗಳನ್ನು ಮಾಡುತ್ತಾನೆ. ಬೂದಿಯಲ್ಲಿ ಜನ ಉಸಿರಾಡಲಾರರು ಎಂದು ಜನರ ಮೈಯನ್ನೇ ಬದಲಿಸುತ್ತಾನೆ. ಒಂದು ತಪ್ಪನ್ನು ಮುಚ್ಚಲು ಇನ್ನೊಂದು. ಶಕ್ತಿ ತೀರಿದ ಮೇಲೆ ಸಾವಿರ ವರ್ಷ ಚಕ್ರವರ್ತಿಯಾಗಿ ಮೆರೆಯುತ್ತಾನೆ. ತನ್ನದೇ ಟೆರಿಸ್ ಜನರನ್ನು ಎಲ್ಲರಿಗಿಂತ ಜಾಸ್ತಿ ತುಳಿಯುತ್ತಾನೆ. ಹೊರೆಯಾಳಾಗಿದ್ದಾಗಲೇ ಅವನೊಳಗೆ ಸಿಟ್ಟು ಇತ್ತು. ಅದಕ್ಕೆ ಸಾವಿರ ವರ್ಷ ಸಿಕ್ಕಿತು.

ಇದನ್ನೆಲ್ಲ ಹೇಳಿದಾಗ ಅವಳು, “ಹಾಗಿದ್ರೆ ಲೆರಾಸ್?” ಅಂದಳು. ಒಳ್ಳೆಯ ಪ್ರಶ್ನೆ. ಲೆರಾಸ್ ಕಾಪಾಡುವ ಶಕ್ತಿಯ ದೇವರು. ಜಗತ್ತು ಮುಳುಗುತ್ತಿದ್ದರೂ ಅವನಿಗೆ ಆಟಿಯನ್ನು ಕೊಲ್ಲಲು ಆಗುವುದಿಲ್ಲ. ಮನಸ್ಸಿಲ್ಲದೆ ಅಲ್ಲ, ಆ ಶಕ್ತಿಯೊಳಗೆ ಕೊಲ್ಲುವುದು ಎಂಬುದೇ ಇಲ್ಲ. ಒಳ್ಳೆಯತನವೊಂದೇ ತುಂಬಿಕೊಂಡು ಬೇರೇನೂ ಉಳಿಯದಿದ್ದರೆ ಅವನೂ ಆಟಿಯಷ್ಟೇ ಅಸಹಾಯಕ. ಲೆರಾಸ್ ನಂತರ ಅದೇ ಶಕ್ತಿಯನ್ನು ಹಿಡಿದ ವಿನ್ ಯಾಕೆ ಕೊಲ್ಲಬಲ್ಲಳು? ಅವಳು ದೇವರಾಗಿ ಇನ್ನೂ ಹೆಚ್ಚು ಹೊತ್ತಾಗಿಲ್ಲ. ಗಂಡ ಎಲೆಂಡ್ ಸತ್ತ ಸಂಕಟ ಇನ್ನೂ ಹಸಿಯಾಗಿದೆ. ಬೀದಿಯಲ್ಲಿ ಬೆಳೆದ ಹುಡುಗಿಯ ಸಿಟ್ಟು ಇನ್ನೂ ಅವಳ ಕೈಯಲ್ಲಿದೆ. ಶಕ್ತಿ ಅವಳನ್ನು ಪೂರ್ತಿ ತನ್ನದಾಗಿ ಮಾಡಿಕೊಳ್ಳುವ ಮೊದಲೇ ಅವಳು ಅದನ್ನು ಅದರ ಸ್ವಭಾವಕ್ಕೆ ವಿರುದ್ಧವಾಗಿ ಬಳಸುತ್ತಾಳೆ. ನನ್ನ ಪ್ರಕಾರ ಮೂರೂ ಪುಸ್ತಕಗಳಲ್ಲಿ ಇದಕ್ಕಿಂತ ದೊಡ್ಡ ಕ್ಷಣ ಇಲ್ಲ.

ಮತ್ತೆ ಸೇಜೆಡ್.

ಓದಿದವರಿಗೆ ಅವನ ಪರಿಚಯ ಬೇಡ. ಆದರೂ ಅವನ ಬಗ್ಗೆ ಬರೆಯೋದು ನನಗಿಷ್ಟ. ಮೆಲ್ಲಗೆ ಮಾತಾಡುವವನು. ಎಲ್ಲರ ಸೇವೆಗೆ ನಿಂತವನು. ರಶೆಕ್ ಅಳಿಸಿಹಾಕಿದ ನೂರಾರು ಧರ್ಮಗಳನ್ನು ತಾಮ್ರದ ತೋಳುಬಳೆಗಳಲ್ಲಿ ನೆನಪಾಗಿ ತುಂಬಿಕೊಂಡು ತಿರುಗುವವನು. ಯಾರಾದರೂ ಕುಗ್ಗಿದರೆ ಅವರಿಗೆ ಹೊಂದುವ ಒಂದು ಧರ್ಮವನ್ನು ಹುಡುಕಿ ಮುಂದಿಡುತ್ತಾನೆ, ಬೇಕಾದರೆ ತಗೊಳ್ಳಿ ಅನ್ನುವ ಹಾಗೆ. ಎರಡನೇ ಪುಸ್ತಕದಲ್ಲಿ ಅವನು ಪ್ರೀತಿಸಿದ ಟಿಂಡ್ವಿಲ್ ಸಾಯುತ್ತಾಳೆ. ಅಲ್ಲಿಗೆ ಅವನ ನಂಬಿಕೆ ಮುಗಿಯುತ್ತದೆ. ಮೂರನೆಯದರಲ್ಲಿ ಒಂದೊಂದೇ ಧರ್ಮವನ್ನು ತೆಗೆದು ಪರೀಕ್ಷಿಸುತ್ತಾನೆ. ಇದರಲ್ಲಿ ಈ ತಪ್ಪು, ಅದರಲ್ಲಿ ಆ ತಪ್ಪು ಎಂದು ಪಕ್ಕಕ್ಕಿಡುತ್ತಾ ಹೋಗುತ್ತಾನೆ. ಯಾವುದೂ ಉಳಿಯುವುದಿಲ್ಲ.

ಕೊನೆಗೆ ವಿನ್ ಮತ್ತು ಆಟಿಯ ಹೆಣಗಳ ಮುಂದೆ ನಿಂತು ಎರಡು ಶಕ್ತಿಗಳನ್ನೂ ಎತ್ತಿಕೊಳ್ಳುವವನು ಇವನೇ. ರಶೆಕ್‌ಗೆ ಸಿಗದಿದ್ದದ್ದು ಇವನ ಹತ್ತಿರ ಇತ್ತು. ಸೂರ್ಯ ಎಷ್ಟು ದೂರ ಇರಬೇಕು, ನೆಲ ಹೇಗಿತ್ತು, ಹೂವು ಹೇಗಿತ್ತು ಎಂದು ರಶೆಕ್‌ಗೆ ಗೊತ್ತಿರಲಿಲ್ಲ. ಸೇಜೆಡ್‌ಗೆ ಗೊತ್ತಿತ್ತು. ಒಂದು ಧರ್ಮದವರು ನಕ್ಷತ್ರಗಳನ್ನು ಬರೆದಿಟ್ಟಿದ್ದರು, ಇನ್ನೊಂದು ಧರ್ಮದವರಿಗೆ ನಕ್ಷೆ ಬರೆಯುವುದೇ ಪೂಜೆ. ತಪ್ಪು ಹುಡುಕಿ ಪಕ್ಕಕ್ಕಿಟ್ಟ ಅವೇ ಧರ್ಮಗಳಿಂದ ಅವನು ಭೂಮಿಯನ್ನು ಮತ್ತೆ ಕಟ್ಟುತ್ತಾನೆ. ದೇವರಾದ ಕ್ಷಣದಲ್ಲಿ ಅವನೊಳಗಿದ್ದದ್ದು ಬೇರೆಯವರ ದೇವರುಗಳು, ಬೇರೆಯವರ ನೆನಪು. ಅಪ್ಪನ ಮಾತು ಇಲ್ಲಿ ನಿಜ. ಒಳಗಿದ್ದಿದ್ದೇ ಹೊರಗೆ ಬಂತು.

ಹಾಗಾದರೆ ಅವಳು ಅತ್ತದ್ದು ಯಾಕೆ?

“ದೇವರಾದ್ಮೇಲೆ ಟಿಂಡ್ವಿಲ್ ನೆನಪಿರ್ತಾಳಾ ಮಾಮ?”

“ನೆನಪಿರ್ತಾಳೆ. ಅವನು ಏನನ್ನೂ ಮರೆಯಲ್ಲ.”

“ಮತ್ತೆ ಮಾತಾಡೋಕೆ ಯಾರಿದ್ದಾರೆ?”

ಸ್ಯಾಂಡರ್ಸನ್ ಅಮೆರಿಕದ ಮಾರ್ಮನ್ ಚರ್ಚಿಗೆ ಸೇರಿದವರು. ಮನುಷ್ಯ ಬೆಳೆಯುತ್ತಾ ಬೆಳೆಯುತ್ತಾ ದೇವರಂತೆ ಆಗಬಲ್ಲ ಎನ್ನುವುದು ಆ ಚರ್ಚಿನ ನಂಬಿಕೆ. ಅಲ್ಲಿ ಯಾರೂ ಒಂಟಿಯಾಗಿ ಆ ಎತ್ತರಕ್ಕೆ ಹೋಗುವುದಿಲ್ಲ. ಗಂಡ, ಹೆಂಡತಿ, ಮಕ್ಕಳು ಸಾವಿನಾಚೆಗೂ ಜೊತೆಗಿರುತ್ತಾರೆ ಎಂದು ಅವರು ನಂಬುತ್ತಾರೆ. ಅಂಥ ನಂಬಿಕೆಯ ಮನೆಯಿಂದ ಬಂದ ಲೇಖಕ ತನ್ನ ಕಥೆಯಲ್ಲಿ ದೇವರಾದವನನ್ನು ಹೀಗೆ ಒಬ್ಬನನ್ನೇ ನಿಲ್ಲಿಸಿದ್ದಾರೆ. ಅವಳ ಪ್ರಶ್ನೆ ಕೇಳುವವರೆಗೆ ಈ ಎರಡನ್ನೂ ನಾನು ಜೊತೆಗಿಟ್ಟು ಯೋಚಿಸಿರಲಿಲ್ಲ. ಇವತ್ತು ಬಸ್ಸಿನಲ್ಲಿ ಅದೇ ಯೋಚನೆಯಲ್ಲಿ ಒಂದು ಸ್ಟಾಪ್ ಮುಂದೆ ಹೋಗಿ ಇಳಿದೆ.

ಎರಡು ಶಕ್ತಿಗಳನ್ನು ಹಿಡಿದ ಸೇಜೆಡ್‌ಗೆ ಹಾರ್ಮನಿ ಎಂಬ ಹೆಸರು ಬಂತು. ಹೆಸರು ಚೆನ್ನಾಗಿದೆ. ಆದರೆ ಒಳಗೆ ಒಂದು ಶಕ್ತಿ ಕಾಪಾಡು ಅನ್ನುತ್ತದೆ, ಇನ್ನೊಂದು ಕೆಡವು ಅನ್ನುತ್ತದೆ. ಎರಡಕ್ಕೂ ಸಮ ಬಲ. ಹಾಗಾಗಿ ಮುಂದಿನ ಪುಸ್ತಕಗಳಲ್ಲಿ ಅವನಿಗೆ ನೇರವಾಗಿ ಕೈ ಹಾಕುವುದು ಕಷ್ಟವಾಗುತ್ತದೆ. ಮನುಷ್ಯರ ಮೂಲಕ ಕೆಲಸ ಮಾಡಿಸಬೇಕಾಗುತ್ತದೆ. ನನ್ನ ಗೆಳೆಯರಲ್ಲಿ ಕೆಲವರು, ಸೇಜೆಡ್ ಕೈಲಾಗದ ದೇವರಾದ ಎಂದು ಬೈಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದೇ ಹಟ ಇದ್ದಿದ್ದರೆ ಅವನೂ ಆಟಿಯ ಹಾಗೆ, ಲೆರಾಸ್‌ನ ಹಾಗೆ ಕರಗಿ ಹೋಗುತ್ತಿದ್ದ. ಎರಡು ಇರುವುದರಿಂದ ನಡುವೆ ಒಬ್ಬ ಮನುಷ್ಯನಿಗೆ ಜಾಗ ಉಳಿದಿದೆ. ಆ ಧರ್ಮಗಳ ಹಾಳೆಗಳನ್ನು ಮುಂದೆ ಹರವಿಕೊಂಡು, ಇದೋ ಅದೋ ಎಂದು ತೂಗುತ್ತಾ ಕೂತಿದ್ದ ಸೇಜೆಡ್ ನೆನಪಿದ್ದಾನಲ್ಲ? ಅವನೇ ಇನ್ನೂ ಕೂತಿದ್ದಾನೆ. ತೀರ್ಮಾನ ಮಾಡಲಾಗದ ಆ ಸಂಕಟವೇ ಅವನಲ್ಲಿ ಉಳಿದಿರುವ ಸೇಜೆಡ್.

ಇದನ್ನು ನಿನ್ನೆ ಫೋನಿನಲ್ಲಿ ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹಾಗಾದ್ರೆ ಅವನಿಗೆ ಇನ್ನೂ ನೋವಾಗುತ್ತೆ ಅಂತ ಆಯ್ತು” ಅಂದಳು. ನಾನು ಹೌದು ಅಂದೆ. “ಅದು ಒಳ್ಳೇದಾ ಮಾಮ?”

ಇದಕ್ಕೆ ಏನು ಹೇಳಲಿ? 2015ರಲ್ಲಿ ಬಂದ ‘ಶಾಡೋಸ್ ಆಫ್ ಸೆಲ್ಫ್’ ಅವಳಿನ್ನೂ ಓದಿಲ್ಲ. ಅದು ನಡೆಯುವ ಹೊತ್ತಿಗೆ ಸೇಜೆಡ್ ದೇವರಾಗಿ ಮೂರು ಶತಮಾನ ಕಳೆದಿದೆ. ವ್ಯಾಕ್ಸ್ ಎಂಬ ಕಾನೂನು ಪಾಲಕ ಕಿವಿಯ ಓಲೆಯ ಮೂಲಕ ದೇವರ ಜೊತೆ ಮಾತಾಡುತ್ತಾನೆ. ಆ ದೇವರು ಒಂದು ಸತ್ಯವನ್ನು ಅವನಿಂದ ಮುಚ್ಚಿಡುತ್ತಾನೆ. ಗೊತ್ತಾಗಿದ್ದರೆ ವ್ಯಾಕ್ಸ್ ಊರು ಉಳಿಸಲು ಬೇಕಿದ್ದ ಕೆಲಸ ಮಾಡುತ್ತಿರಲಿಲ್ಲ ಎಂದೇ ಮುಚ್ಚಿಡುತ್ತಾನೆ. ಗೊತ್ತಾದ ಮೇಲೆ ವ್ಯಾಕ್ಸ್ ಮುರಿದುಹೋಗುತ್ತಾನೆ, ಓಲೆ ಹಾಕಿಕೊಳ್ಳುವುದನ್ನೇ ಬಿಡುತ್ತಾನೆ. ಊರೆಲ್ಲ ಉಳಿಯಿತು ನಿಜ. ಆದರೆ ಹಿಂದಿನ ಸೇಜೆಡ್ ಹೀಗೆ ಮಾಡುತ್ತಿದ್ದನಾ? ಒಬ್ಬೊಬ್ಬರ ಪಕ್ಕದಲ್ಲೂ ಕೂತು ಅವರ ನೋವು ಕೇಳುತ್ತಿದ್ದವನು, ಒಬ್ಬನ ನೋವನ್ನು ಊರಿನ ಲೆಕ್ಕದಲ್ಲಿ ಸೇರಿಸುತ್ತಿದ್ದನಾ? ಅವಳು ಅಷ್ಟು ಸಂಕಟದಿಂದ ಹೇಳಿದ್ದು ಇದನ್ನೇ ಇರಬೇಕು.

ಆದರೂ ನಾನು ಸೇಜೆಡ್ ಪರವೇ. ಬೇರೆ ಯಾರು ಅದನ್ನು ಎತ್ತಿಕೊಂಡಿದ್ದರೂ ಇದಕ್ಕಿಂತ ಕೆಟ್ಟದಾಗುತ್ತಿತ್ತು. ವಿನ್‌ಳ ಗುರು, ನನ್ನ ಮೆಚ್ಚಿನ ಕೆಲ್ಸಿಯರ್ ಕೂಡ ಸ್ವಲ್ಪ ಕಾಲ ಕಾಪಾಡುವ ಶಕ್ತಿಯನ್ನು ಹಿಡಿದಿದ್ದ. ಅದು ಅವನಿಗೆ ಒಗ್ಗಲೇ ಇಲ್ಲ, ಕೊನೆಗೆ ವಿನ್‌ಗೆ ಬಿಟ್ಟುಕೊಟ್ಟ. ಎರಡನ್ನೂ ಹೊತ್ತು ನಿಲ್ಲಬಲ್ಲವನು ಸೇಜೆಡ್ ಒಬ್ಬನೇ ಇದ್ದ. ಇದನ್ನೂ ಅವಳಿಗೆ ಹೇಳಿದೆ. ಒಪ್ಪಲಿಲ್ಲ. ವ್ಯಾಕ್ಸ್ ಪುಸ್ತಕಗಳನ್ನು ಶನಿವಾರ ಅಕ್ಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿದ ಮೇಲೆ ಅವಳು ವ್ಯಾಕ್ಸ್ ಕಡೆ ನಿಲ್ಲುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಅಪ್ಪ ಈಗಲೇ ಅವಳ ಪಕ್ಷ.