ಟಾರ್ ಅಲ್ಲ, ಎರೆಮಣ್ಣು: ಗ್ಯಾಸಿಫೈಯರ್‌ನ ಹನ್ನೊಂದನೆಯ ಉರಿ

ನಿನ್ನೆ ಸಂಜೆ ನನ್ನ ಗ್ಯಾಸಿಫೈಯರಿನ, ಅಂದರೆ ಕಟ್ಟಿಗೆಯನ್ನು ಅರೆಗಾಳಿಯಲ್ಲಿ ಸುಟ್ಟು ಉರಿಯುವ ಗ್ಯಾಸ್ ಮಾಡುವ ಒಲೆಯ, ಉರಿ ಎರಡು ಗಂಟೆ ಹತ್ತು ನಿಮಿಷ ಆರಲಿಲ್ಲ. ಕೊನೆಗೆ ಆರಿದ್ದೂ ಹತ್ತಿಗಿಡದ ಕಟ್ಟಿಗೆ ಮುಗಿದದ್ದಕ್ಕೆ. ಹಿಂದಿನ ಹತ್ತು ಸಲದಲ್ಲಿ ಒಮ್ಮೆಯೂ ನಲವತ್ತು ನಿಮಿಷ ದಾಟಿರಲಿಲ್ಲವಾದ್ದರಿಂದ, ರಾಯಚೂರಿನ ಬಿಸಿಲಿಗೆ ಕಾದು ಇನ್ನೂ ತಣಿಯದ ಅಂಗಳದಲ್ಲಿ ಬರಿಗಾಲಲ್ಲೇ ಕುಣಿದೆ. ಅಂಗಾಲು ಇವತ್ತು ಉರಿಯುತ್ತಿದೆ.

ಕಟ್ಟಿಗೆ ತುಂಬುವ ಡ್ರಮ್ಮು, ಬೆಂಕಿ ಕೂರುವ ಕಿರಿದಾದ ಕಂಠ, ಗ್ಯಾಸನ್ನು ಸುತ್ತಿಸಿ ದೂಳು ಕೆಡವುವ ಸೈಕ್ಲೋನ್, ಫಿಲ್ಟರ್ ಎಲ್ಲವೂ ಗ್ಯಾಸಿಫೈಯರ್ ಕಟ್ಟುವ ನೀವೆಲ್ಲ ಮಾಡುವಂಥವೇ. ಗಾಳಿಯೂ ಗ್ಯಾಸೂ ಕೆಳಮುಖವಾಗಿ ಹರಿಯುವ ಅದೇ ಡೌನ್‌ಡ್ರಾಫ್ಟ್. ನನ್ನ ಗೋಳು ಬೂದಿ ಉದುರಬೇಕಾದ ತಳದ ಜಾಲರಿಯದು.

ಪ್ರತಿ ಸಲವೂ ಶುರು ಚೆನ್ನಾಗಿಯೇ ಇರುತ್ತಿತ್ತು. ಇಪ್ಪತ್ತೈದನೆಯ ನಿಮಿಷಕ್ಕೆ ನೀಲಿ ಉರಿ ಕಿತ್ತಳೆಗೆ ತಿರುಗುವುದು, ಒತ್ತಡ ಅಳೆಯುವ ನಳಿಕೆಯಲ್ಲಿ ನೀರಿನ ವ್ಯತ್ಯಾಸ ನಾಲ್ಕು ಸೆಂಟಿಮೀಟರಿನಿಂದ ಹದಿನೈದಕ್ಕೆ ಏರುವುದು, ಬ್ಲೋವರ್ ಅರಚುವುದು, ಆಮೇಲೆ ಬರೀ ಹೊಗೆ. ಟಾರ್, ಅಂದರೆ ಕಟ್ಟಿಗೆಯ ಹೊಗೆಯ ಕಪ್ಪು ಅಂಟು, ಕಟ್ಟಿಕೊಂಡಿದೆ ಎಂದುಕೊಂಡು ಮೂರು ಸಲ ಫಿಲ್ಟರ್ ಬದಲಿಸಿದೆ. ನಳಿಕೆಯನ್ನು ಫಿಲ್ಟರಿನ ಆಚೆ ಕೂರಿಸಿದ್ದ ಮಹಾನುಭಾವ ನಾನೇ. ಕಟ್ಟಿಕೊಂಡದ್ದು ಫಿಲ್ಟರೋ ಒಲೆಯೋ ಎಂದು ಅದು ಹೇಗೆ ಹೇಳೀತು? ನಂತರ ತೇವಾಂಶದ ಮೇಲೆ ಅನುಮಾನ ಬಂತು. ಏಪ್ರಿಲ್‌ನಲ್ಲಿ ರಾಯಚೂರಿನ ಮಾಳಿಗೆಯ ಮೇಲೆ ಎಂಟು ದಿನ ಬಿದ್ದ ಕಟ್ಟಿಗೆ ಒಣಗಿಲ್ಲವೆಂದು ಶಂಕಿಸಿದ್ದನ್ನು ಯಾರಿಗೂ ಹೇಳಬೇಡಿ.

ಬ್ಲೋವರ್ ಮಾರಿದಾತನನ್ನು ಕೇಳಿದರೆ, ‘ಸಾರ್, ನಿಮಗೆ ಇನ್ನೂ ದೊಡ್ಡದು ಬೇಕು’ ಎಂದ. ಅವನಿಗೆ ಯಾವ ರೋಗಕ್ಕೂ ಅದೊಂದೇ ಔಷಧ. ದೊಡ್ಡದನ್ನು ಹಾಕಿದೆ, ಇಪ್ಪತ್ತೇ ನಿಮಿಷಕ್ಕೆ ಆರಿತು. ಇನ್ನು ಬೆಂಕಿ ತಾಳುವ ಸಿಮೆಂಟ್ ಕಳಿಸಿದ ಅಂಗಡಿಯವರು ಎರಡು ದಿನ ಎಂದು ಹೇಳಿ ಹತ್ತೊಂಬತ್ತು ದಿನ ತೆಗೆದುಕೊಂಡರು. ಚೀಲ ಬಿಚ್ಚಿದರೆ ಒಳಗೆ ಬಂಡೆ. ಈಗ ಅದು ಬಾಗಿಲು ಬಡಿಯದಂತೆ ತಡೆಯುತ್ತಿದೆ.

ಗುಟ್ಟು ಬಿಡಿಸಿದವರು ಕಾಕಾ. ಸಿಂಧನೂರಿನ ಕಡೆಯ ಅಕ್ಕಿ ಗಿರಣಿಯಲ್ಲಿ ಬಾಯ್ಲರಿಗೆ ಹೊಟ್ಟು ಹಾಕುತ್ತಲೇ ತಲೆ ಬೆಳ್ಳಗಾದವರು. ಹತ್ತನೆಯ ಸೋಲಿನ ಮರುದಿನ ಬೂದಿಬಾಗಿಲು ತೆಗೆದು, ಜಾಲರಿಗೆ ಅಂಟಿದ್ದ ಗಟ್ಟಿಯನ್ನು ಸಲಾಕೆಯಿಂದ ಎಬ್ಬಿಸಿ ನನ್ನ ಮುಂದಿಟ್ಟರು.

‘ಇದು ಟಾರ್ ಅಲ್ಲಪ್ಪ, ಕಿಟ್ಟ. ಕಟ್ಟಿಗೆಯ ಜೊತೆ ಹೊಲವನ್ನೂ ಸುಡುತ್ತಿದ್ದೀಯ.’

ಅಂಗೈ ಅಗಲದ, ಹಸಿರುಗಪ್ಪು ಗಟ್ಟಿ. ಸುತ್ತಿಗೆಯಿಂದ ಒಡೆದರೆ ಅಂಚು ಬಾಟಲಿಯ ಚೂರಿನಂತೆ ಹೊಳೆಯಿತು. ಚಿಕ್ಕಿಯಲ್ಲಿ ಶೇಂಗಾ ಸಿಕ್ಕಿಕೊಂಡಂತೆ ಒಳಗೆ ಇದ್ದಿಲಿನ ತುಂಡುಗಳು. ನಡುವೆ ಅರೆಬೆಂದ ಒಂದು ಸುಣ್ಣದ ಹರಳು. ಎರೆಹೊಲದಲ್ಲಿ ನಡೆದವರಿಗೆ ಆ ಹರಳು ಎಲ್ಲಿಯದೆಂದು ಹೇಳಬೇಕಿಲ್ಲ.

ಗುಲಾಬಿ ಕಾಯಿಕೊರಕದ ಕಾಟಕ್ಕೆ ಕೊನೆಯ ಬಿಡಿಸುವಿಕೆ ಮುಗಿದ ಮೇಲೆ ಹತ್ತಿ ಗಿಡವನ್ನು ಬೇರುಸಮೇತ ಕೀಳುತ್ತಾರೆ. ಬೇರಿಗೆ ಹಿಡಿದ ಎರೆಮಣ್ಣು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮರಳಿನಲ್ಲಿರುವಂತೆ ಈ ಮಣ್ಣಿನಲ್ಲೂ ಸಿಲಿಕಾ ಇದೆ; ಅದು ಒಂದೇ ಆದರೆ ಕರಗಲು 1700 ಡಿಗ್ರಿ ಬೇಕು. ಕಟ್ಟಿಗೆಯ ಬೂದಿಯಲ್ಲಿರುವ ಪೊಟ್ಯಾಶ್ ಜೊತೆ ಸೇರಿತೋ, 800ರ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಕಂಠದ ಬಳಿ ಕಾವು 1000 ದಾಟುತ್ತದೆ. ಅಂದರೆ ಮೂರು ತಿಂಗಳು ನಾನು ನಡೆಸಿದ್ದು ಗಾಜಿನ ಕಾರ್ಖಾನೆ, ದೊಡ್ಡ ಬ್ಲೋವರ್ ಅದಕ್ಕೆ ತಿದಿ.

ಆದರೂ ಕಾಕಾನ ಮಾತನ್ನು ತೂಗಿ ನೋಡಿದೆ. ಅರ್ಧ ಕಿಲೋ ಕಾಂಡ, ಅರ್ಧ ಕಿಲೋ ಬೇರು, ಬೇರೆ ಬೇರೆ ಬಾಣಲೆಯಲ್ಲಿ ಬೂದಿಯಾಗುವವರೆಗೆ ಸುಟ್ಟೆ. ಕಾಂಡದ ಬೂದಿ 19 ಗ್ರಾಂ, ಬೇರಿನದು 74. ಮುಂದೆ ಮಾಡಿದ್ದೆಲ್ಲ ಕೂಲಿ ಕೆಲಸ: ಬುಡದಿಂದ ನಾಲ್ಕು ಬೆರಳು ಮೇಲಕ್ಕೆ ಕತ್ತರಿಸುವುದು, ತುಂಡುಗಳನ್ನು ಜರಡಿ ಹಿಡಿಯುವುದು, ಹಳೆಯ ಸಣ್ಣ ಬ್ಲೋವರನ್ನೇ ಮರಳಿ ಕೂರಿಸುವುದು, ಜಾಲರಿ ಅಲುಗಾಡಿಸಲು ಹೊರಗಿನಿಂದ ಒಂದು ಸಲಾಕೆ. ನಳಿಕೆಯೂ ಈಗ ಫಿಲ್ಟರಿನ ಈಚೆಗೆ ಬಂದಿದೆ. ನಿನ್ನೆ ನೀರು ಐದು ಸೆಂಟಿಮೀಟರ್ ದಾಟಲಿಲ್ಲ.

ಇನ್ನು ಐದು ಅಶ್ವಶಕ್ತಿಯ ಡೀಸೆಲ್ ಪಂಪ್‌ಸೆಟ್ಟಿಗೆ ಜೋಡಿಸಬೇಕು. ‘ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ 1720 ಮೆಗಾವಾಟ್ ಇರುವಾಗ ನಿನ್ನದೇನು?’ ಎಂಬುದು ಕಾಕಾನ ನಿತ್ಯದ ಪ್ರಶ್ನೆ. 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಬೆಳಕು ಕೊಟ್ಟದ್ದು 3.7 ಕಿಲೋವಾಟ್‌ನ ಗ್ಯಾಸಿಫೈಯರಿನಿಂದ ಎಂದೆ. ‘ಅವರು ಬೇರಿನ ಮಣ್ಣು ಕೊಡವಿರಬೇಕು’ ಎಂದರು.

ಆದರೆ ಪಂಪ್‌ಸೆಟ್ಟಿಗಿಂತ ಮೊದಲು ಭತ್ತದ ಹೊಟ್ಟಿನ ಒಲೆ ಮಾಡುವ ಆಸೆ ಹತ್ತಿಬಿಟ್ಟಿದೆ. ಗಂಗಾವತಿಯಿಂದ ಸಿಂಧನೂರಿನವರೆಗೆ ಎಲ್ಲಿ ನೋಡಿದರೂ ಗಿರಣಿ, ಗಿರಣಿಯ ಹಿಂದೆ ಹೊಟ್ಟು. ಐದರಲ್ಲೊಂದು ಪಾಲು ಬೂದಿ, ಅದೂ ಹೆಚ್ಚುಕಡಿಮೆ ಬರೀ ಸಿಲಿಕಾ; ಕಿರಿದಾದ ಕಂಠದಲ್ಲಿ ಇಳಿಯುವ ವಸ್ತುವಲ್ಲ. ನೇರ ಕೊಳವೆ, ಕೆಳಗಿನಿಂದ ಗಾಳಿ, ಮೇಲಿನಿಂದ ಕಿಡಿ. ಕೊಳವೆಯನ್ನು ಗುಜರಿಯಲ್ಲಿ ನೋಡಿಟ್ಟಿದ್ದೇನೆ. ಬೆಲೆ ಕೇಳಿ ಎರಡು ದಿನ ಮಾತು ಬಿಟ್ಟಿದ್ದೇನೆ.

ಕತ್ತರಿಸಿ ಎಸೆದ ಬೇರಿನ ರಾಶಿಯನ್ನು ಅವ್ವ ಬೆಳಿಗ್ಗೆಯಿಂದ ನೀರೊಲೆಗೆ ಹಾಕುತ್ತಿದ್ದಾಳೆ. ಬೂದಿ ಕೆದಕಿ ನೋಡಿದೆ, ಕಿಟ್ಟದ ಒಂದು ಚೂರೂ ಇಲ್ಲ. ಅಷ್ಟು ಕಾವು ಅಲ್ಲಿಲ್ಲ. ನೀರು ಮಾತ್ರ ಕಾದಿದೆ.