ಹಳ್ಳ ಎಲ್ಲಿ?

ಜುಲೈ ತಿಂಗಳ ಒಂದು ಶನಿವಾರ, ಬಾಸ್ಟನ್‌ನಿಂದ ಒಂದು ಗಂಟೆ ಕಾರು ಓಡಿಸಿಕೊಂಡು ನ್ಯೂ ಹ್ಯಾಂಪ್‌ಶೈರ್‌ನ ಡೆರಿ ಊರಿಗೆ ಹೋಗಿದ್ದೆವು. ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ 1900ರಿಂದ 1909ರವರೆಗೆ ಇದ್ದ ಮನೆ ಅಲ್ಲಿದೆ. ಬಿಳಿ ಹಲಗೆಯ ಮನೆ, ಅದಕ್ಕೆ ಅಂಟಿಕೊಂಡೇ ಕೊಟ್ಟಿಗೆ. ಫ್ರಾಸ್ಟ್ ಅವರ ತಾತ ಕೊಡಿಸಿದ ಜಾಗ, ಕೋಳಿ ಸಾಕುತ್ತಿದ್ದರು.

ನನಗೆ ಮನೆಗಿಂತ ಹಳ್ಳ ನೋಡುವ ಆಸೆ ಜಾಸ್ತಿ ಇತ್ತು. 'ಹೈಲಾ ಬ್ರೂಕ್' ಅಂತ ಅವರದೊಂದು ಪದ್ಯ ಇದೆಯಲ್ಲ, ಅದರ ಹಳ್ಳ. ಹೈಲಾ ಅಂದರೆ ಮರಗಪ್ಪೆ. ಕಾಲುದಾರಿಯಲ್ಲಿ ಮರಗಳ ನಡುವೆ ಅರ್ಧ ಗಂಟೆ ಸುತ್ತಿದೆವು, ನೀರಿನ ಸದ್ದೇ ಇಲ್ಲ. ಸೊಳ್ಳೆ ಮಾತ್ರ ಬೇಕಾದಷ್ಟು. "ಹಳ್ಳ ಎಲ್ಲಮ್ಮಾ?" ಅಂತ ಮಗಳು ಹತ್ತನೇ ಸಲ ಕೇಳಿದಾಗ ಕಾಲಕೆಳಗೆ ನೋಡಿದೆ. ಒಣಗಿದ ಎಲೆಗಳು ಒಂದಕ್ಕೊಂದು ಮೆತ್ತಿಕೊಂಡು ಹಳೇ ಕಾಗದದ ಹಾಗೆ ಉದ್ದಕ್ಕೂ ಹಾಸಿಕೊಂಡಿದ್ದವು. ನಾವು ಹಳ್ಳದೊಳಗೇ ನಿಂತಿದ್ದೆವು!

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜೂನ್ ಹೊತ್ತಿಗೇ ಹಳ್ಳ ಬತ್ತುತ್ತದೆ ಅಂತ ಆ ಪದ್ಯ ಶುರುವಾಗುವುದೇ ಹಾಗೆ, ಒಣ ಎಲೆಯ ಕಾಗದದ ಹೋಲಿಕೆಯೂ ಅವರದ್ದೇ. ಎಷ್ಟೋ ಸಲ ಓದಿದ್ದೆ. ಆದರೂ ನಿಸರ್ಗ ಕವಿ ಅಂದ ಕೂಡಲೇ ತಲೆಯಲ್ಲಿ ಜುಳುಜುಳು ನೀರನ್ನೇ ಹರಿಸಿಕೊಂಡು ಬಂದಿದ್ದೆ. ಫ್ರಾಸ್ಟ್ ಹಾಗಲ್ಲ. ಅವರ ಪದ್ಯದಲ್ಲಿ ನಿಸರ್ಗ ನಮ್ಮನ್ನು ಸಮಾಧಾನ ಮಾಡುವುದು ಕಡಿಮೆ, ತನ್ನ ಪಾಡಿಗೆ ತನ್ನ ಕೆಲಸ ಮಾಡಿಕೊಂಡಿರುತ್ತದೆ.

ವಾಪಸ್ ಬರುವಾಗ ಕಲ್ಲಿನ ಗೋಡೆ ಸಿಕ್ಕಿತು, 1914ರಲ್ಲಿ ಅಚ್ಚಾದ 'ಮೆಂಡಿಂಗ್ ವಾಲ್' ಪದ್ಯದ ಗೋಡೆ. ಗಾರೆ ಇಲ್ಲ, ಸುಮ್ನೆ ಕಲ್ಲಿನ ಮೇಲೆ ಕಲ್ಲು. ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಮಣ್ಣು ಉಬ್ಬುತ್ತದೆ, ಮೇಲಿನ ಕಲ್ಲು ಉರುಳುತ್ತವೆ. ವಸಂತ ಬಂದಾಗ ಪಕ್ಕದ ಮನೆಯವರೂ ಇವರೂ ಆಚೆ ಈಚೆ ನಡೆಯುತ್ತಾ ಎತ್ತಿಡಬೇಕು. ಗೋಡೆ ಬೀಳಿಸುವ ಆ ಹಿಮಕ್ಕೂ ಇಂಗ್ಲಿಷಿನಲ್ಲಿ ಕವಿಯ ಹೆಸರೇ, ಫ್ರಾಸ್ಟ್. ಬೇಕಂತಲೇ ಮಾಡಿದ ತಮಾಷೆ ಇರಬೇಕು ಅಂತ ನನಗೆ ಅನುಮಾನ.

ದಾರಿಗೆ ಬಿದ್ದಿದ್ದ ಒಂದು ಗುಂಡುಕಲ್ಲನ್ನು ನಾನೂ ಮಗಳೂ ಸೇರಿ ಎತ್ತಿ ಗೋಡೆಯ ಮೇಲಿಟ್ಟೆವು. ನಮ್ಮ ಬೆನ್ನು ತಿರುಗುವವರೆಗಾದರೂ ಹಾಗೇ ಇರು ಅಂತ ಪದ್ಯದಲ್ಲಿ ಇಂಥ ಕಲ್ಲಿಗೇ ಮಂತ್ರ ಹಾಕುತ್ತಾರೆ ಅಂದೆ. ಮಗಳು ಕೈ ಮುಗಿದು ಕನ್ನಡದಲ್ಲೇ ಹೇಳಿದಳು. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದೆ ಧೊಪ್ಪಂತ ಸದ್ದು.